ಮುಳ್ಳು ಚುಚ್ಚಿದ ಕಾಲು: ಉರಿಯೂತದ ವಿಷಯವಾದ ಪಾಠ

ನಮ್ಮ ಗ್ರಾಮಸಭೆಗಳವರಲ್ಲಿ ಬಹುಮಂದಿ ಹೊಲಗದ್ದೆಗಳಲ್ಲಿ ಬರಿಗಾಲಿನಿಂದ ದುಡಿಯುವವರಾದ ಕಾರಣ ಕಾಲಿಗೆ ಮುಳ್ಳು ಚುಚ್ಚುವದು, ಕೈಗೆ ಕುಡುಗೋಲು ತಗಲುವದು, ಬೆರಳುಗಳ ಸಂದು ಕೆಸರಿನಲ್ಲಿ ನೆನೆದು ಹುಣ್ಣಾಗುವದು ಇವೆಲ್ಲಾ ಅವರಿಗೆ ದಿನದಿನದ ಮಾತಾಗಿವೆ. ಇಂಥ ಸಣ್ಣ ಗಾಯವನ್ನು ಯಾರೂ ಲಕ್ಷ್ಯಕ್ಕೆ ತಾರರು. ಮರುದಿನ ಆ ಸ್ಥಳವು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವಾಗ ಮಾತ್ರ ಮನೆಯವರೆಲ್ಲರೂ ಗಾಬರಿಗೊಂಡು, ಊತವೇ ರೋಗವೆಂದೆಣಿಸಿ, ಅದನ್ನು ಇಳಿಸುವದಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲಾ ಹಚ್ಚುವರು. ಈ ಎಣಿಕೆಯು ಎಷ್ಟರ ಮಟ್ಟಿಗೆ ಸರಿ, ಎಷ್ಟರ ಮಟ್ಟಿಗೆ ತಪ್ಪು ಎಂಬದನ್ನು ಈ ತಿಂಗಳಿನ ಪಾಠದಲ್ಲಿ ವಿಚಾರಿಸೋಣ.

ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ನಮ್ಮ ಸಹೋದರನೊಬ್ಬನು ಬೇಲಿ ಕಟ್ಟುತ್ತಿರುವಾಗ ಅವನ ಅಂಗಾಲಿಗೆ ಜಾಲಿಯ ಮುಳ್ಳು ಹೊಕ್ಕು ಒಳಗೇ ಮುರಿಯಿತು. ಹೊರಗೆ ಕಾಣುತ್ತಿದ್ದ ತುಂಡನ್ನು ಅವನು ಕಿತ್ತೆಸೆದು ಸಂಜೆಯ ವರೆಗೂ ಕೆಲಸವನ್ನು ಬಿಡಲಿಲ್ಲ. ಎರಡನೆಯ ದಿನ ಅಂಗಾಲು ಊದಿತು. ತಾಯಿಯು ಸಗಣಿಯಲ್ಲಿ ಅರಸಿನವನ್ನು ಕಲಸಿ ಕಟ್ಟಿದಳು. ಬರೆ ಹಾಕಿದರೆ ಕಾವು ಹೊರಗೆ ಹೋಗುವದೆಂದು ನೆರೆಯವನೊಬ್ಬನು ಬುದ್ಧಿ ಹೇಳಿದನು. ಇನ್ನೊಬ್ಬನು ದೃಷ್ಟಿ ತಗಲಿದೆ ಎಂದು ಮಂತ್ರಿಸಿದ ದಾರವನ್ನು ತಂದನು. ದಾರವನ್ನು ಅವನು ಬೇಡವೆಂದನು, ಸಗಣಿಯನ್ನು ಬೇಡವೆನ್ನಲಿಲ್ಲ. ನಾಲ್ಕನೆಯ ದಿನ ನಾವು ಅವನ ಮನೆಗೆ ಹೋದಾಗ ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತುಕೊಂಡು, "ಅಯ್ಯನವರೇ, ಮುಳ್ಳಿನ ಚಿಂತೆ ನನಗಿಲ್ಲ, ಈ ಊತ ಒಂದು ಇಳಿದರೆ ಸಾಕು, ನಾಳೆ ಬಿತ್ತನೆಗೆ ಹೋಗಬೇಕು" ಎಂದನು. ಹೀಗೆನ್ನುವಾಗಲೇ ಅವನ ಮೈ ಚಳಿಯಿಂದ ನಡುಗುತ್ತಿತ್ತು. ಪಾದದಿಂದ ಮೀನಖಂಡದ ಮೇಲಕ್ಕೆ ಕೆಂಪಾದ ಗೆರೆಯೊಂದು ಏರಿತ್ತು. ತೊಡೆಯ ಸಂದಿನಲ್ಲಿ ಅಡಿಕೆಯಷ್ಟು ದಪ್ಪದ ಗಂಟು ಎದ್ದಿದೆ ಎಂದು ಅವನೇ ತಿಳಿಸಿದನು. ಈ ಮೂರು ಗುರುತುಗಳ ಅರ್ಥವನ್ನು ಮುಂದೆ ಹೇಳುವೆವು.

ವೈದ್ಯರು ಈ ಸ್ಥಿತಿಯನ್ನು ಉರಿಯೂತ ಎನ್ನುವರು. ಉರಿ, ಊತ ಎಂಬ ಎರಡು ಮನೆಮಾತುಗಳು ಕೂಡಿ ಆದ ಈ ಹೆಸರು ತಕ್ಕದ್ದೇ ಸರಿ. ನಮ್ಮ ಕರ್ತನು ಗಲಿಲಾಯದಲ್ಲಿ ಸಂಚರಿಸಿದ ಅದೇ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಇದರ ಗುರುತುಗಳನ್ನು ನಾಲ್ಕಾಗಿ ಎಣಿಸಿ ಬರೆದಿಟ್ಟನು. ಕೆಂಪು, ಊತ, ಕಾವು, ನೋವು ಇವೇ ಅವು. ಆ ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವದೆಂಬ ಐದನೆಯ ಗುರುತನ್ನು ತರುವಾಯದವರು ಕೂಡಿಸಿದರು. ಗುರುತುಗಳು ಕಣ್ಣಿಗೆ ಕಾಣುವಂಥವು. ಆದರೆ ಅವು ಏತಕ್ಕೆ ಹುಟ್ಟುವವೆಂದು ತಿಳಿಯುವದಕ್ಕೆ ಇನ್ನೂ 1800 ವರುಷಗಳು ಹಿಡಿದವು.

ಅದನ್ನು ನಮ್ಮವರು ಸುಲಭವಾಗಿ ಗ್ರಹಿಸಬೇಕಾದರೆ ನೆಹೆಮೀಯನ ಪುಸ್ತಕದ ನಾಲ್ಕನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಲಿ. ಯೆರೂಸಲೇಮಿನ ಗೋಡೆಯು ಕೆಡವಲ್ಪಟ್ಟಿತ್ತು. ಹೊರಗೆ ಹಗೆಗಳು ಹೊಂಚುಹಾಕುತ್ತಿದ್ದರು. ಕಟ್ಟುವವರು ಒಂದು ಕೈಯಿಂದ ಕೆಲಸಮಾಡುತ್ತಾ ಇನ್ನೊಂದು ಕೈಯಲ್ಲಿ ಆಯುಧವನ್ನು ಹಿಡಿದಿದ್ದರು. ತುತೂರಿಯ ಶಬ್ದವು ಎಲ್ಲಿಂದ ಕೇಳಿಬರುವದೋ ಅಲ್ಲಿಗೆ ಎಲ್ಲರೂ ಓಡಿಬರಬೇಕೆಂದು ನೆಹೆಮೀಯನು ಏರ್ಪಾಡು ಮಾಡಿದ್ದನು. ನಮ್ಮ ಚರ್ಮವು ಅಂಥದೊಂದು ಗೋಡೆಯಾಗಿದೆ. ಮುಳ್ಳು ಅದನ್ನು ಸೀಳಿಕೊಂಡು ಒಳಗೆ ಬರುವಾಗ ಒಂಟಿಯಾಗಿ ಬರುವದಿಲ್ಲ. ಕಣ್ಣಿಗೆ ಕಾಣದ ಅಸಂಖ್ಯಾತವಾದ ರೋಗಾಣುಗಳನ್ನು ತನ್ನ ಸಂಗಡ ತರುವದು. ಚರ್ಮದ ಕೆಳಗೆ ಅಲ್ಲಲ್ಲಿ ಕಾವಲಿರುವ ಸೂಕ್ಷ್ಮ ಜೀವಕೋಶಗಳು ಅದೇ ಕ್ಷಣದಲ್ಲಿ ಹಿಸ್ಟಮಿನ್ ಮೊದಲಾದ ರಸಗಳನ್ನು ಸುರಿಸುವವು. ಇದೇ ದೇಹದ ತುತೂರಿ. ಆ ರಸಗಳು ತಾಕಿದೊಡನೆ ಹತ್ತಿರದ ಸಣ್ಣ ರಕ್ತನಾಳಗಳು ಹಿಗ್ಗಿ, ಮೈಯ ಒಳಗಿನ ಬಿಸಿರಕ್ತವು ಹೆಚ್ಚಾಗಿ ಅಲ್ಲಿಗೆ ಹರಿಯುವದು. ಕೆಂಪೂ ಕಾವೂ ಇದರಿಂದಲೇ. ನಾಳಗಳ ಗೋಡೆಗಳು ಸಡಿಲವಾಗುವ ಕಾರಣ ರಕ್ತದ ನೀರು ಹೊರಗೆ ಜಿನುಗಿ ಮಾಂಸದ ಸಂದುಗಳಲ್ಲಿ ತುಂಬಿಕೊಳ್ಳುವದು. ಇದೇ ಊತ. ಆ ನೀರು ಬರಿಯ ನೀರಲ್ಲ. ರೋಗಾಣುಗಳನ್ನು ಗುರುತುಹಿಡಿದು ಬಂಧಿಸುವ ಪದಾರ್ಥಗಳೂ, ಹೆಪ್ಪುಗಟ್ಟಿ ದಾರಿಯನ್ನು ಅಡ್ಡಗಟ್ಟುವ ಪದಾರ್ಥಗಳೂ ಅದರಲ್ಲಿ ಇರುವವು. ಊದಿದ ಸ್ಥಳವು ನರಗಳನ್ನು ಒತ್ತುವದರಿಂದಲೂ ಕೆಲವು ರಸಗಳು ಅವುಗಳನ್ನು ಕೆರಳಿಸುವದರಿಂದಲೂ ನೋವು ಹುಟ್ಟುವದು. ನೋವಿರುವ ಕಾಲನ್ನು ಯಾವನೂ ನೆಲಕ್ಕೆ ಬಲವಾಗಿ ಊರನು. ಹೀಗೆ ಯಾರೂ ಅಪ್ಪಣೆ ಕೊಡದೆ ಆ ಅಂಗಕ್ಕೆ ವಿಶ್ರಾಂತಿ ದೊರೆಯುವದು.

ಇನ್ನು ಆಯುಧ ಹಿಡಿದವರು ಯಾರು? ರಕ್ತದಲ್ಲಿ ಕೆಂಪು ಕಣಗಳಲ್ಲದೆ ಬಿಳಿಯ ಕಣಗಳೂ ಉಂಟು. ಒಂದು ಘನ ಮಿಲಿಮೀಟರಿನಷ್ಟು, ಅಂದರೆ ಸಣ್ಣದೊಂದು ಸಾಸಿವೆ ಕಾಳಿನಷ್ಟು ರಕ್ತದಲ್ಲಿ, ಆರೋಗ್ಯವಂತನಿಗೆ ಸುಮಾರು 4,000ದಿಂದ 11,000ದ ವರೆಗೆ ಬಿಳಿಯ ಕಣಗಳಿರುವವು. ಅವು ರಕ್ತನಾಳದ ಗೋಡೆಯನ್ನು ನುಸುಳಿ ಹೊರಗೆ ಬರುವದನ್ನು ಜರ್ಮನಿಯ ಕೋನ್‌ಹೈಮ್ ಎಂಬ ವೈದ್ಯನು 1867ರಲ್ಲಿ ಕಪ್ಪೆಯ ದೇಹದಲ್ಲಿ ಕಂಡು ಬರೆದನು. ಆದರೆ ಅವು ಹೊರಗೆ ಬಂದು ಮಾಡುವದೇನು ಎಂಬದು ಹೊಳೆದದ್ದು ಒಂದು ಮುಳ್ಳಿನಿಂದಲೇ. ಆ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ನಮಗೆ ಇಷ್ಟ.

ರಷ್ಯಾದೇಶದ ಮೆಚ್ನಿಕೋವ್ ಎಂಬ ವಿದ್ವಾಂಸನು 1882ರಲ್ಲಿ ತನ್ನ ಮನೆಯವರ ಸಂಗಡ ಸಿಸಿಲಿ ದ್ವೀಪದ ಮೆಸ್ಸೀನಾ ಎಂಬ ಕಡಲತೀರದ ಪಟ್ಟಣದಲ್ಲಿ ಇಳುಕೊಂಡಿದ್ದನು. ಒಂದು ದಿನ ಮನೆಯವರೆಲ್ಲರೂ ಸರ್ಕಸ್ಸಿನಲ್ಲಿ ಕೋತಿಗಳ ಆಟವನ್ನು ನೋಡಲಿಕ್ಕೆ ಹೋಗಿರಲು, ಆತನು ಒಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದನು. ಆ ಮರಿಗಳ ಮೈ ಗಾಜಿನಂತೆ ಪಾರದರ್ಶಕವಾದದ್ದು. ಒಳಗೆ ಕೆಲವು ಕಣಗಳು ಅತ್ತಿತ್ತ ಹರಿದಾಡುವದು ಕಾಣುತ್ತಿತ್ತು. ಇವು ಹೊರಗಿನಿಂದ ಬಂದ ಹಗೆಯನ್ನು ಎದುರಿಸುವ ಕಾವಲುಗಾರರಾಗಿರಬಹುದಲ್ಲಾ ಎಂಬ ಯೋಚನೆಯು ಆತನಿಗೆ ಫಕ್ಕನೆ ಹುಟ್ಟಿತು. ಹಾಗಿದ್ದರೆ ಮರಿಯ ಮೈಯಲ್ಲಿ ಮುಳ್ಳು ಚುಚ್ಚಿದಾಗ ಅವು ಅದರ ಸುತ್ತಲೂ ಕೂಡಿಕೊಳ್ಳಬೇಕು. ಕೆಲವು ದಿನಗಳ ಹಿಂದೆ ಮಕ್ಕಳಿಗಾಗಿ ಸಣ್ಣ ಕಿತ್ತಳೆ ಗಿಡವನ್ನು ಕ್ರಿಸ್ಮಸ್ ಮರವಾಗಿ ಅಲಂಕರಿಸಿದ್ದ ತೋಟಕ್ಕೆ ಹೋಗಿ, ಆತನು ಗುಲಾಬಿಯ ಮುಳ್ಳುಗಳನ್ನು ಕಿತ್ತು ತಂದು ಮರಿಗಳ ಚರ್ಮದ ಕೆಳಗೆ ಚುಚ್ಚಿದನು. ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ. ಬೆಳಗಾದೊಡನೆ ನೋಡಲಾಗಿ ಆ ಕಣಗಳು ಮುಳ್ಳಿನ ಸುತ್ತಲೂ ಗುಂಪುಕಟ್ಟಿದ್ದವು. ಆ ಮರಿಗಳಲ್ಲಿ ನಮ್ಮಂಥ ರಕ್ತನಾಳಗಳೇ ಇಲ್ಲ. ಆದಕಾರಣ ರಕ್ತವು ಹೆಚ್ಚಾಗಿ ಹರಿದುದರಿಂದ ಅವು ಕೊಚ್ಚಿಕೊಂಡು ಬಂದವೆಂದು ಹೇಳುವಂತಿರಲಿಲ್ಲ. ಅವು ತಾವೇ ಹುಡುಕಿಕೊಂಡು ಬಂದಿದ್ದವು. ಇಂಥ ಕಣಗಳು ರೋಗಾಣುಗಳನ್ನು ನುಂಗಿ ಅರಗಿಸುವವೆಂದು ಆತನು ಮುಂದೆ ತೋರಿಸಿಕೊಟ್ಟನು. 1908ರಲ್ಲಿ ಪೌಲ್ ಏರ್ಲಿಖ್ ಎಂಬಾತನೊಂದಿಗೆ ಆತನಿಗೆ ನೊಬೆಲ್ ಬಹುಮಾನವು ದೊರೆಯಿತು. ಮೆಚ್ನಿಕೋವನು ನಮ್ಮ ನಂಬಿಕೆಯವನಾಗಿರಲಿಲ್ಲ. ಆದರೂ ದೇವರ ಸೃಷ್ಟಿಯಲ್ಲಿ ಅತ್ಯಲ್ಪವಾದ ಮರಿಯನ್ನು ಆತನಷ್ಟು ತಾಳ್ಮೆಯಿಂದ ನೋಡುವವರು ವಿಶ್ವಾಸಿಗಳಲ್ಲಿಯೂ ಅಪರೂಪವೆಂದು ಒಪ್ಪಿಕೊಳ್ಳಬೇಕು.

ಈಗ ನಮ್ಮ ಸಹೋದರನ ಕಾಲಿಗೆ ಹಿಂತಿರುಗುವ. ಗಾಯವಾದ ಕೆಲವು ತಾಸುಗಳೊಳಗೆ ಬಿಳಿಯ ಕಣಗಳ ಮೊದಲನೆಯ ದಂಡು ಬಂದು ಹೋರಾಡಿ ಸಾಯುವದು. ಒಂದೆರಡು ದಿನಗಳ ಮೇಲೆ ದೊಡ್ಡ ಕಣಗಳ ಎರಡನೆಯ ದಂಡು ಬಂದು ಸತ್ತವುಗಳನ್ನು ನುಂಗಿ ಸ್ಥಳವನ್ನು ಶುಚಿಮಾಡಿ ಹೊಸ ಮಾಂಸವನ್ನು ಬೆಳೆಯಿಸುವದಕ್ಕೆ ಆರಂಭಿಸುವದು. ಕಾರಣವು ತೊಲಗಿಹೋದರೆ ಇಷ್ಟರಲ್ಲಿ ಊತವು ತಾನಾಗಿಯೇ ಇಳಿಯುವದು. ಆದರೆ ಅವನ ಕಾಲಿನಲ್ಲಿ ಮುಳ್ಳು ಇನ್ನೂ ಕೂತಿತ್ತು. ಆದ್ದರಿಂದ ದಂಡಿನ ಮೇಲೆ ದಂಡು ಬಂದು ಸಾಯುತ್ತಲೇ ಇತ್ತು. ಕೀವು ಎಂದು ನಾವು ಹೇಸುವದು ಇವುಗಳ ಹೆಣಗಳ ರಾಶಿಯೇ; ಸತ್ತ ಬಿಳಿಯ ಕಣಗಳು, ರೋಗಾಣುಗಳು, ಕರಗಿದ ಮಾಂಸ. ಕಾಲಿನ ಮೇಲೇರಿದ ಕೆಂಪು ಗೆರೆಯು ರೋಗಾಣುಗಳು ಅಡ್ಡಗಟ್ಟೆಯನ್ನು ದಾಟಿ ದೇಹದ ನೀರನ್ನು ಒಯ್ಯುವ ಸಣ್ಣ ಕಾಲುವೆಗಳಲ್ಲಿ ಮೇಲಕ್ಕೆ ಹೊರಟಿವೆ ಎಂಬದಕ್ಕೆ ಗುರುತು. ತೊಡೆಯ ಸಂದಿನ ಗಂಟು ಆ ಕಾಲುವೆಗಳ ಮೇಲಿರುವ ಠಾಣೆ. ಅಲ್ಲಿ ಅವುಗಳನ್ನು ತಡೆಯುವದಕ್ಕೆ ಯುದ್ಧ ನಡೆಯುವಾಗ ಅದು ಊದುವದು. ಚಳಿಜ್ವರವು ಇಡೀ ದೇಹಕ್ಕೆ ಎಚ್ಚರಿಕೆ ಮುಟ್ಟಿತೆಂಬದಕ್ಕೆ ಗುರುತು. ಒಂದು ಅಂಗದ ಬಾಧೆಯಲ್ಲಿ ಉಳಿದ ಅಂಗಗಳೆಲ್ಲಾ ಪಾಲುಗೊಳ್ಳುವ ವಿಷಯವನ್ನು ಪೌಲನು ಕೊರಿಂಥದವರಿಗೆ ಬರೆದನಷ್ಟೆ. ಅದನ್ನು ಆ ದಿನ ಆ ಜಗಲಿಯ ಮೇಲೆ ನಾವು ಕಣ್ಣಾರೆ ಕಂಡೆವು.

ಅವನನ್ನು ಬಂಡಿಯಲ್ಲಿ ಮಲಗಿಸಿ ರಸ್ತೆಗೆ ತಂದು ಅಲ್ಲಿಂದ ಆಸ್ಪತ್ರೆಗೆ ಸೇರಿಸಲಾಯಿತು. ಡಾಕ್ಟರಮ್ಮನವರು ಅಂಗಾಲನ್ನು ಕೊಯ್ದು ಕೀವನ್ನು ಹೊರಡಿಸಿ, ಭತ್ತದ ಕಾಳಿನಷ್ಟು ಉದ್ದದ ಕರ್ರಗಿನ ಮುಳ್ಳಿನ ತುದಿಯನ್ನು ಇಕ್ಕಳದಿಂದ ಹಿಡಿದು ತೋರಿಸಿದರು. "ಅಮ್ಮನವರೇ, ಊತ ಇಳಿಸುವ ಔಷಧವನ್ನು ಮೊದಲೇ ಕೊಟ್ಟಿದ್ದರೆ ಈ ಕೊಯ್ತ ತಪ್ಪುತ್ತಿರಲಿಲ್ಲವೋ?" ಎಂದು ಅವನು ಕೇಳಿದ್ದಕ್ಕೆ ಅವರು, "ಊತ ಇದ್ದದ್ದರಿಂದಲೇ ನಾಲ್ಕು ದಿನ ನಿನ್ನ ಜೀವ ಉಳಿಯಿತಪ್ಪಾ, ತೆಗೆಯಬೇಕಾದದ್ದು ಇದು" ಎಂದು ಮುಳ್ಳನ್ನು ಅವನ ಅಂಗೈಯಲ್ಲಿ ಇಟ್ಟರು.

ಉರಿಯೂತಕ್ಕೆ ಕಾರಣವು ಯಾವಾಗಲೂ ರೋಗಾಣುವೇ ಆಗಿರುವದೆಂದು ತಿಳಿಯಬಾರದು. ಬೆಂಕಿ, ಕುದಿಯುವ ನೀರು, ಸುಣ್ಣ, ಚೇಳಿನ ಕೊಂಡಿ, ಉಳುಕಿದ ಕೀಲು, ಕಣ್ಣಿಗೆ ಬಿದ್ದ ಹೊಟ್ಟು ಇವುಗಳಿಂದಲೂ ಆಗುವದು. ಆದರೆ ಬರೆ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಲಿ. ಒಂದು ಗಾಯವಿರುವಲ್ಲಿ ಬೆಂಕಿಯಿಂದ ಎರಡನೆಯ ಗಾಯವನ್ನು ಮಾಡುವದರಿಂದ ಗೋಡೆಯಲ್ಲಿ ಇನ್ನೊಂದು ಕಂಡಿಯನ್ನು ತೆರೆದಂತಾಗುವದೇ ಹೊರತು ಒಳಗಿನ ಹಗೆಯು ಹೊರಗೆ ಹೋಗದು. ಸಗಣಿಯ ವಿಷಯದಲ್ಲಿ ಇನ್ನೂ ಕಠಿಣವಾಗಿ ಹೇಳಬೇಕಾಗಿದೆ. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿಯೂ ದನಕುದುರೆಗಳ ಸಗಣಿಲದ್ದಿಗಳಲ್ಲಿಯೂ ಇರುವವು. ಅವು ಆಳವಾದ ಗಾಯದಲ್ಲಿ ಗಾಳಿಯಿಲ್ಲದ ಸ್ಥಳವನ್ನು ಕಂಡುಕೊಂಡು ಮೊಳೆತರೆ ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿದು, ಬೆನ್ನು ಬಿಲ್ಲಿನಂತೆ ಬಾಗಿ, ಪ್ರಾಣಾಪಾಯವಾಗುವದು. ಇದರಲ್ಲಿ ಮೋಸವೇನಂದರೆ ಧನುರ್ವಾಯು ಬರುವ ಗಾಯವು ಹೆಚ್ಚಾಗಿ ಊದಬೇಕೆಂದಿಲ್ಲ. ನೋಡುವದಕ್ಕೆ ಅದು ಒಣಗಿದ ಹಾಗೆಯೇ ಇರಬಹುದು. ಇದನ್ನು ತಡೆಯುವ ಚುಚ್ಚುಮದ್ದು ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕ್ರಯವಿಲ್ಲದೆ ಸಿಕ್ಕುತ್ತಿರುವಾಗ, ನಮ್ಮವರು ಗರ್ಭಿಣಿಯರಿಗೂ ಮಕ್ಕಳಿಗೂ ಅದನ್ನು ಹಾಕಿಸಿ ತಾವು ಮಾತ್ರ ತಪ್ಪಿಸಿಕೊಳ್ಳುವದು ನಮಗೆ ಅರ್ಥವಾಗದ ಸಂಗತಿ.

ಇಷ್ಟರ ವರೆಗೆ ಉರಿಯೂತವನ್ನು ಕಾವಲುಗಾರನೆಂದು ಹೊಗಳಿದೆವು. ಆದರೆ ಕಾವಲುಗಾರನು ಮನೆಯವರನ್ನೇ ಹೊಡೆಯುವ ಸಂದರ್ಭವೂ ಉಂಟು. ಮಕ್ಕಳಿಗೆ ಒಂದು ಜಾತಿಯ ರೋಗಾಣುವಿನಿಂದ ಗಂಟಲು ಊದಿ ನೋಯುವದು. ಅದು ವಾಸಿಯಾಯಿತೆಂದು ತೋರಿದ ಎರಡು ಮೂರು ವಾರಗಳ ಮೇಲೆ ಕೆಲವರಿಗೆ ಜ್ವರ ಬಂದು, ಮೊಣಕಾಲು, ಹರಡು, ಮೊಣಕೈ ಹೀಗೆ ಒಂದಾದ ಮೇಲೊಂದು ಕೀಲು ಊದುವದು. ದೇಹವು ರೋಗಾಣುವಿಗಾಗಿ ಸಿದ್ಧಮಾಡಿದ ಆಯುಧವು ತನ್ನ ಹೃದಯದ ಕವಾಟಗಳನ್ನೇ ತಾಗುವದು. ಕೀಲುಗಳ ಊತವು ಗುರುತಿಲ್ಲದೆ ಮಾಯುವದು, ಹೃದಯದ ಗಾಯವು ಉಳಿಯುವದು. ಮೊದಲಲ್ಲಿಯೇ ಪೆನಿಸಿಲಿನ್ ಕೊಡಿಸಿದ್ದರೆ ತಪ್ಪಬಹುದಾಗಿದ್ದ ಈ ಹಾನಿಯಿಂದ ಎಳೆಯ ಪ್ರಾಯದಲ್ಲೇ ಏದುಸಿರು ಬಿಡುವವರು ಹಳ್ಳಿಗಳಲ್ಲಿ ಇದ್ದಾರೆ. ಕ್ಷಯರೋಗದಲ್ಲಿಯಾದರೋ ಬಿಳಿಯ ಕಣಗಳು ರೋಗಾಣುವನ್ನು ಕೊಲ್ಲಲಾರದೆ ಸುತ್ತಲೂ ಗೋಡೆಕಟ್ಟಿ ಸೆರೆಯಲ್ಲಿಡುವವು. ಆ ಮುತ್ತಿಗೆಯು ವರುಷಗಟ್ಟಳೆ ನಡೆದು, ಕೆಲವೊಮ್ಮೆ ಶ್ವಾಸಕೋಶವೇ ರಣಭೂಮಿಯಾಗಿ ಹಾಳಾಗುವದು. ಹೊಗೆಸೊಪ್ಪು, ಬೀಡಿ, ಒಲೆಯ ಹೊಗೆ, ಕೊಳೆತ ವಸಡು ಇವು ಹುಟ್ಟಿಸುವ ಉರಿಯೂತವು ನೋವಿಲ್ಲದೆ ಒಳಗೊಳಗೇ ಇದ್ದುಕೊಂಡು ಅಂಗಗಳನ್ನು ಸವೆಯಿಸುವದು. ರಕ್ತನಾಳಗಳಲ್ಲಿ ಕೊಬ್ಬು ಸೇರಿ ಹೃದಯಾಘಾತವಾಗುವದರಲ್ಲಿಯೂ ಇದರ ಪಾಲುಂಟೆಂದು ಈಗ ತಿಳಿದುಬಂದಿದೆ. ಕರಾವಳಿಯಲ್ಲಿಯೂ ಕಲಬುರಗಿಯ ಕಡೆಯಲ್ಲಿಯೂ ಕಂಡುಬಂದಿರುವ ಆನೆಕಾಲು ರೋಗದಲ್ಲಿ, ಸೊಳ್ಳೆಯಿಂದ ಬಂದ ಹುಳುಗಳು ಕಾಲಿನ ನೀರುಕಾಲುವೆಗಳನ್ನು ಕೆಡಿಸಿರುವ ಕಾರಣ, ಬೆರಳುಗಳ ಸಂದಿನಲ್ಲಿ ಬಿರುಕಾದಾಗಲೆಲ್ಲಾ ಜ್ವರವೂ ಉರಿಯೂತವೂ ಬಂದು ಕಾಲು ಪ್ರತಿಸಲವೂ ಇನ್ನಷ್ಟು ದಪ್ಪವಾಗುವದು. ಅಂಥವರು ದಿನಾಲು ಕಾಲನ್ನು ಸಾಬೂನಿನಿಂದ ತೊಳೆದು ಒರಸಿ ಒಣಗಿಸಿಕೊಂಡರೆ ಇಂಥ ಜ್ವರಗಳು ಬಹಳ ಕಡಿಮೆಯಾಗುವವು. ಇಷ್ಟು ಸಣ್ಣ ಕೆಲಸದಿಂದ ಇಷ್ಟು ಉಪಕಾರವೆಂದು ಹೇಳಿದರೆ ನಂಬದವರನ್ನು ನಾವು ಕಂಡಿದ್ದೇವೆ.

ಔಷಧದ ಮಾತನ್ನೂ ಇಲ್ಲಿ ಹೇಳಬೇಕು. ಆಸ್ಪಿರಿನ್ ಮತ್ತು ಅದರ ಜಾತಿಯ ಮಾತ್ರೆಗಳು ನೋವನ್ನೂ ಊತವನ್ನೂ ಇಳಿಸುವ ಬಗೆಯನ್ನು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ಕಂಡುಹಿಡಿದನು. ನರಗಳನ್ನು ಕೆರಳಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಸಗಳು ಹುಟ್ಟದಂತೆ ಅವು ತಡೆಯುವವು. ಅಂದರೆ ಅವು ತುತೂರಿಯ ಬಾಯಿಗೆ ಬಟ್ಟೆ ತುರುಕುವವೇ ಹೊರತು ಹಗೆಯನ್ನು ಕೊಲ್ಲಲಾರವು. ನೋವು ತಾಳಲಾರದಾಗ ವೈದ್ಯರು ಹೇಳಿದಷ್ಟು ನುಂಗುವದು ತಪ್ಪಲ್ಲ. ಆದರೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಳೆ ನುಂಗಿದವರಿಗೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಸ್ಟೀರಾಯ್ಡ್ ಎಂಬ ಔಷಧವು ತಿಳಿದವರ ಕೈಯಲ್ಲಿ ಅನೇಕರ ಪ್ರಾಣವನ್ನು ಉಳಿಸಿದೆ. ಅದೇ ಔಷಧವು ಸಂತೆಯ ದಿನ ಪೇಟೆಯಲ್ಲಿ ಸೂಜಿ ಹಾಕುವವನ ಕೈಯಲ್ಲಿ ಕಾವಲುಗಾರರನ್ನು ನಿದ್ರೆಗೆ ಕಳುಹಿಸಿ ಊರಬಾಗಲನ್ನು ತೆರೆದಿಟ್ಟಂತೆ ಆಗುವದು. ಮರುದಿನವೇ ಊತ ಇಳಿಯುವದನ್ನು ಕಂಡು ಜನರು ಅವನನ್ನು ದೊಡ್ಡ ವೈದ್ಯನೆನ್ನುವರು.

ನೋವೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹೇಳುವವರಿಗೆ ವೆಲ್ಲೂರಿನ ಸಂಗತಿಯೊಂದು ಉತ್ತರ ಕೊಡುವದು. ಮಿಷನರಿ ತಂದೆತಾಯಿಗಳಿಗೆ 1914ರಲ್ಲಿ ತಮಿಳುನಾಡಿನ ಬೆಟ್ಟಪ್ರದೇಶದಲ್ಲಿ ಹುಟ್ಟಿದ ಪೌಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುವವೆಂದು ಅಂದಿನ ಜನರು ನಂಬಿದ್ದರು. ಬ್ರ್ಯಾಂಡ್ ಅವರು ತಾಳ್ಮೆಯಿಂದ ವಿಚಾರಿಸಲಾಗಿ, ರೋಗವು ನರಗಳನ್ನು ಕೆಡಿಸಿದ್ದರಿಂದ ಆ ಜನರಿಗೆ ನೋವು ತಿಳಿಯದೆ, ಬಿಸಿ ಪಾತ್ರೆಯನ್ನು ಬರಿಗೈಯಿಂದ ಹಿಡಿದು, ಹುಣ್ಣಾದ ಕಾಲಿನಿಂದಲೇ ನಡೆದು, ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದೆ, ಹೀಗೆ ಗಾಯದ ಮೇಲೆ ಗಾಯವಾಗಿ ಅಂಗಗಳು ಹೋಗುತ್ತಿದ್ದವೆಂದು ತಿಳಿದುಬಂತು. ಕುಷ್ಠವು ಈಗ ಔಷಧಗಳಿಂದ ಪೂರ್ಣವಾಗಿ ಗುಣವಾಗುವ ರೋಗ. ಆದರೆ ಅದೇ ವಿಧವಾದ ಮರಗಟ್ಟಿದ ಕಾಲು ಸಕ್ಕರೆ ಕಾಯಿಲೆಯವರಲ್ಲಿ ಹಳ್ಳಿಹಳ್ಳಿಗೂ ಬಂದಿದೆ. ಅವರ ಅಂಗಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. ರಕ್ತವು ಸರಿಯಾಗಿ ಹರಿಯದ ಕಾರಣ ಬಿಳಿಯ ಕಣಗಳು ಅಲ್ಲಿಗೆ ಬರುವದೂ ತಡ. ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವದು, ಅಷ್ಟರಲ್ಲಿ ಬೆರಳನ್ನೋ ಪಾದವನ್ನೋ ಕೊಯ್ಯದೆ ಗತ್ಯಂತರವಿರುವದಿಲ್ಲ.

ಮಾಡತಕ್ಕದ್ದು ಇಷ್ಟೇ. ಗಾಯವಾದ ಕೂಡಲೇ ಶುದ್ಧವಾದ ನೀರನ್ನು ಧಾರಾಳವಾಗಿ ಹೊಯ್ದು ಸಾಬೂನಿನಿಂದ ತೊಳೆಯಬೇಕು. ಕಾಣುವ ಮುಳ್ಳನ್ನು ಕುದಿಸಿದ ಚಿಮಟದಿಂದ ತೆಗೆಯಬೇಕು. ಆಳದಲ್ಲಿ ಮುರಿದದ್ದನ್ನು ಸೂಜಿಯಿಂದ ಕೆದಕದೆ ವೈದ್ಯರಿಗೆ ಬಿಡಬೇಕು. ಕೀವಾದ ಕುರುವನ್ನು ಹಿಸುಕಬಾರದು, ಮುಖದ ಮೇಲಿನದನ್ನಂತೂ ಮುಟ್ಟಲೇ ಬಾರದು. ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯನ್ನು ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರವಾಗಿ ಇಡಬೇಕು. ಮೇಲಕ್ಕೇರುವ ಕೆಂಪು ಗೆರೆ, ಚಳಿಜ್ವರ, ದಿನದಿನಕ್ಕೆ ಹರಡುವ ಊತ, ಬಿಗಿಯುವ ದವಡೆ ಇವುಗಳಲ್ಲಿ ಒಂದನ್ನು ಕಂಡರೂ ಬಿತ್ತನೆಯಿರಲಿ ಕೊಯ್ಲಿರಲಿ ಅಂದೇ ಆಸ್ಪತ್ರೆಗೆ ಹೊರಡಬೇಕು. ರೋಗಾಣುನಾಶಕ ಮಾತ್ರೆಗಳನ್ನು ಎರಡು ದಿನ ನುಂಗಿ ಉಳಿದವನ್ನು ಮಾಡದಲ್ಲಿ ಎತ್ತಿಡುವ ಅಭ್ಯಾಸವನ್ನು ಬಿಡಬೇಕು. ಪ್ರಾರ್ಥನೆಯಿರುವಾಗ ವೈದ್ಯರೇಕೆ ಎಂದು ಕೇಳುವ ಕೆಲವರು ನಮ್ಮ ಸಭೆಗಳಲ್ಲಿ ಇನ್ನೂ ಇರುವದರಿಂದ ಒಂದು ಮಾತು. ಹಿಜ್ಕೀಯನು ಹುಣ್ಣಿನಿಂದ ಸಾಯುವ ಹಾಗಿದ್ದಾಗ ಅವನ ಪ್ರಾರ್ಥನೆಯನ್ನು ಕೇಳಿದೆನೆಂಬ ದೇವರ ವಾಕ್ಯವನ್ನು ತಂದ ಅದೇ ಯೆಶಾಯನು ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನೆಂದು ಅರಸುಗಳ ಎರಡನೆಯ ಪುಸ್ತಕದಲ್ಲಿ ಬರೆದಿದೆ.

ನಮ್ಮ ಸಹೋದರನು ಆ ವರುಷದ ಬಿತ್ತನೆಗೆ ಹೋಗಲಾಗಲಿಲ್ಲ. ಸಭೆಯ ಯೌವನಸ್ಥರು ಎರಡು ದಿನ ಕೂಡಿ ಅವನ ಹೊಲವನ್ನು ಬಿತ್ತಿಕೊಟ್ಟರು. ಮೂರು ವಾರಗಳ ಮೇಲೆ ಅವನು ಕೋಲು ಹಿಡಿದು ಆರಾಧನೆಗೆ ಬಂದನು. ಹೋದ ಸಲ ನಾವು ಅಲ್ಲಿಗೆ ಹೋದಾಗ ಬಾಗಲ ಬಳಿಯಲ್ಲಿ ಒಂದು ಜೊತೆ ದಪ್ಪ ಅಟ್ಟೆಯ ಚಪ್ಪಲಿಗಳೂ ನೀರಿನ ಕೊಡದ ಮೇಲೆ ಸಾಬೂನಿನ ತುಂಡೂ ಇದ್ದವು. ಅವನ ತಾಯಿಗೆ ಈಗ ಸಕ್ಕರೆ ಕಾಯಿಲೆ. ಸಂಜೆಯ ಪ್ರಾರ್ಥನೆಗೆ ಮೊದಲು ಅವನು ತಾಯಿಯ ಎರಡು ಪಾದಗಳನ್ನೂ ತೊಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಮೊಮ್ಮಗಳು ಹಿಡಿದ ದೀಪದ ಬೆಳಕಿನಲ್ಲಿ ಬೆರಳುಗಳ ಸಂದನ್ನು ಒಂದೊಂದಾಗಿ ನೋಡುತ್ತಿದ್ದನು. ಮುದುಕಿಯು ನಾಚಿಕೊಂಡು ಕಾಲನ್ನು ಎಳೆದುಕೊಳ್ಳುತ್ತಿದ್ದಳು.